ಗುರುದೇವಿಯ ಕೆಮ್ಮು

ಬಸ್ಸು ಶಹಾಪುರದ ನಿಲ್ದಾಣ ಬಿಡುವಷ್ಟರಲ್ಲಿ ಎಡತೋಳಿನ ಪಟ್ಟಿ ಮತ್ತೆ ಬಿಗಿಯತೊಡಗಿತು. ವಿಶ್ವರಾಧ್ಯ ಮಾಸ್ತರರು ಮಾತು ಅರ್ಧಕ್ಕೇ ನಿಲ್ಲಿಸಿ, ತೋಳನ್ನು ತೊಡೆಯ ಮೇಲೆ ಚಾಚಿ, ಫೋಟೋ ತೆಗೆಸಿಕೊಳ್ಳುವವರ ಹಾಗೆ ಅಲುಗಾಡದೆ ಕೂತರು. ಪಟ್ಟಿ ಹಿಂಡುವಾಗ ಕೈ ಅಲುಗಾಡಿಸಬಾರದು, ಮಾತಾಡಬಾರದು ಎಂದು ಯಾದಗಿರಿಯ ಆಸ್ಪತ್ರೆಯ ನರ್ಸ್ ನಿನ್ನೆ ಅದನ್ನು ಕಟ್ಟುವಾಗಲೇ ತಾಕೀತು ಮಾಡಿದ್ದಳು. ಅರ್ಧ ಗಂಟೆಗೊಮ್ಮೆ ತಾನೇ ಉಬ್ಬಿ, ತಾನೇ ಬಿ.ಪಿ. ಅಳೆದು, ಸೊಂಟಕ್ಕೆ ಕಟ್ಟಿದ ಡಬ್ಬಿಯಲ್ಲಿ ತಾನೇ ಇಟ್ಟುಕೊಳ್ಳುವ ಯಂತ್ರ ಅದು. ಒಂದು ಹಗಲು ಒಂದು ರಾತ್ರಿ ಅದರ ಜೊತೆ ಸಂಸಾರ ಮಾಡಿ ಈಗ ವಾಪಸು ಕೊಡಲು ಹೊರಟಿದ್ದರು. ಕಂಡಕ್ಟರ್ ಬಂದು ಪಕ್ಕದಲ್ಲಿ ಕೂತಿದ್ದ ಹೆಂಡತಿ ಗುರುದೇವಿಯ ಆಧಾರ್ ಕಾರ್ಡು ನೋಡಿ ಪುಕ್ಕಟೆ ಚೀಟಿ ಹರಿದುಕೊಟ್ಟ, ಮಾಸ್ತರರ ಮುಂದೆ ಕೈ ಚಾಚಿದ. ಅವರು ಕಣ್ಣುಮುಚ್ಚಿದರು. 'ಜರಾ ತಡೀರಿ, ಅವರದು ಬಿ.ಪಿ. ನಡ್ದದ' ಎಂದಳು ಗುರುದೇವಿ. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಪಟ್ಟಿ ಸಡಿಲವಾಗಿ ಉಸಿರುಬಿಟ್ಟಾಗ ಮಾಸ್ತರರಿಗೆ ಆ ನಗೆಯೂ ಡಬ್ಬಿಯೊಳಗೆ ದಾಖಲಾಗಿರಬಹುದು, ಹತ್ತು ಅಂಕಿ ಮೇಲಕ್ಕೆ ಹೋಗಿರಬಹುದು ಅನಿಸಿತು. ಕಿಟಕಿಯಾಚೆ ಶಹಾಪುರದ ಗುಡ್ಡ ಬುದ್ಧನ ಹಾಗೆ ಅಂಗಾತ ಮಲಗಿತ್ತು. 'ಬುದ್ಧ ಮಲಗಿದ ಈ ಪುಣ್ಯಭೂಮಿಯಲ್ಲಿ' ಎಂದೇ ಅವರು ಪ್ರತಿ ಕಾರ್ಯಕ್ರಮವನ್ನೂ ಆರಂಭಿಸುತ್ತಿದ್ದುದು. ಮಲಗಿದವನಿಗೆ ಏನು ಕಷ್ಟ, ಎಬ್ಬಿಸಿ ಒಂದು ದಿನ ಈ ಪಟ್ಟಿ ಕಟ್ಟಬೇಕು ಎಂದು ಇವತ್ತು ಮೊದಲ ಸಲ ಅನಿಸಿತು.

ತಾಲ್ಲೂಕಿನಲ್ಲಿ ಯಾರೇ ವೇದಿಕೆ ಕಟ್ಟಲಿ, ಮೈಕು ಅವರ ಕೈಗೇ. ಗೋಗಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವುದು ಸಂಬಳಕ್ಕೆ. ನಿಜವಾದ ಉದ್ಯೋಗ ನಿರೂಪಣೆ. ಆಮಂತ್ರಣ ಪತ್ರಿಕೆಗಳಲ್ಲಿ 'ಕಂಚಿನ ಕಂಠದ ವಿಶ್ವರಾಧ್ಯ ಮಾಸ್ತರರು' ಎಂದು ಅಚ್ಚಾಗುತ್ತಿತ್ತು, ಕೊನೆಯಲ್ಲಿ, ವಂದನಾರ್ಪಣೆಯ ಕೆಳಗೆ, ಎಲ್ಲರಿಗಿಂತ ಸಣ್ಣ ಅಕ್ಷರದಲ್ಲಿ. ಉತ್ತಮ ಶಿಕ್ಷಕ ಪ್ರಶಸ್ತಿಯ ಹೆಸರುಗಳನ್ನು ಪ್ರತಿವರ್ಷ ಕೂಗುವವರೂ ಅವರೇ. ಕೂಗಿದ ಹೆಸರು ಪ್ರತಿವರ್ಷವೂ ಬೇರೆಯವರದು. ಹೆಸರು ಹೇಳುವ ಮುನ್ನ ಒಂದು ಕ್ಷಣ ಸುಮ್ಮನೆ ನಿಲ್ಲುವುದು ಅವರ ಶೈಲಿ. ಸಭೆ ಕಿವಿ ನಿಮಿರಿಸುತ್ತಿತ್ತು. ಆ ಕ್ಷಣದಲ್ಲಿ ಚೀಟಿಯಲ್ಲಿ ತಮ್ಮದೇ ಹೆಸರು ಇದ್ದರೂ ಇರಬಹುದು ಎಂದು ಅವರಿಗೇ ಆಸೆಯಾಗುತ್ತಿತ್ತು, ಚೀಟಿ ಬರೆದುಕೊಂಡವರು ಅವರೇ ಆಗಿದ್ದರೂ. ಹೀಗಿರುವಾಗ ಅವರ ಬಿ.ಪಿ. ಅವರನ್ನು ಕೈಬಿಡಲಿಲ್ಲ. ಒಂದು ಗುಳಿಗೆಗೆ ಇಳಿಯಲಿಲ್ಲ, ಎರಡಕ್ಕೆ ಇಳಿಯಲಿಲ್ಲ, ನಾಲ್ಕು ಬಗೆಯ ಗುಳಿಗೆ ನುಂಗಿದರೂ ನೂರಾ ಎಂಬತ್ತರ ಕೆಳಗೆ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಉಳಿದ ಮಾಸ್ತರರು ತಮ್ಮ ತಮ್ಮ ಸಕ್ಕರೆ, ಬಿ.ಪಿ.ಗಳ ಲೆಕ್ಕ ಹೇಳುವಾಗ ಇವರು ಕೊನೆಗೆ ಬಾಯಿ ಬಿಡುತ್ತಿದ್ದರು: 'ನಮ್ಮದು ನಾಕು ಗುಳಿಗಿಗೂ ಬಗ್ಗೂದಿಲ್ರಿ.' ಆಗ ಉಳಿದವರು ಗೌರವದಿಂದ ಚಹಾದ ಲೋಟ ಕೆಳಗಿಡುತ್ತಿದ್ದರು. ಯಾದಗಿರಿಯ ಹೊಸ ಖಾಸಗಿ ಆಸ್ಪತ್ರೆಯಲ್ಲಿ ಇಂಥ ಬಗ್ಗದ ಬಿ.ಪಿ.ಗೆ ಹೊಸ ಚಿಕಿತ್ಸೆ ಬಂದಿದೆ, ತೊಡೆಯ ಸಂದಿಯಿಂದ ರಕ್ತನಾಳದೊಳಗೆ ತೆಳುವಾದ ನಳಿಗೆ ತೂರಿಸಿ, ಕಿಡ್ನಿಯವರೆಗೆ ಒಯ್ದು, ಅಲ್ಲಿನ ನರಗಳನ್ನು ಕಾಯಿಸಿ ಸುಮ್ಮನಾಗಿಸುತ್ತಾರೆ, ಆದರೆ ಎಲ್ಲರಿಗೂ ಮಾಡುವುದಿಲ್ಲ, ಯಾರಿಗೆ ಫಲ ಕೊಡುತ್ತದೆ ಎಂದು ನೋಡಿ ಆರಿಸುತ್ತಾರೆ ಎಂದು ಕೇಳಿದಾಗ ಮಾಸ್ತರರ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಆರಿಸುತ್ತಾರೆ.

ಇವತ್ತು ಸಂಜೆ ಆಸ್ಪತ್ರೆಯ ಅಂಗಳದಲ್ಲೇ ರಕ್ತದೊತ್ತಡ ಜಾಗೃತಿ ಸಭೆ. ಜಿಲ್ಲೆಯಲ್ಲಿ ಈ ಚಿಕಿತ್ಸೆಗೆ ಮೊದಲು ಆಯ್ಕೆಯಾದವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದೆಂದು ಆಡಳಿತದವರು ತೀರ್ಮಾನಿಸಿದ್ದರು, ಪತ್ರಿಕೆಯಲ್ಲಿ ಬರಬೇಕಲ್ಲ. ನಿರೂಪಣೆ ಮಾಸ್ತರರದೇ. ಅವರು ತಮ್ಮ ಪರಿಚಯವನ್ನು ತಾವೇ ಬರೆದುಕೊಂಡಿದ್ದರು, ಬೇರೆಯವರು ಬರೆದ ಹಾಗೆ: 'ಆ ಭಾಗ್ಯಶಾಲಿ ಬೇರಾರೂ ಅಲ್ಲ, ಇದುವರೆಗೆ ನೀವು ಕೇಳುತ್ತಿದ್ದ ಈ ಧ್ವನಿಯ ಒಡೆಯ.' ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಚಪ್ಪಾಳೆಗೆ. ಬಸ್ಸಿನ ಕುಲುಕಾಟದಲ್ಲಿ ಆ ಸಾಲನ್ನು ಒಳಗೊಳಗೇ ಹೇಳಿಕೊಳ್ಳುತ್ತ ಬಲಗೆನ್ನೆಯ ಒಳಗಿದ್ದ ಬೇರಿನ ತುಂಡನ್ನು ನಾಲಗೆಯಿಂದ ಸರಿಸಿ ಒಮ್ಮೆ ಚೀಪಿದರು. ಸಿಹಿ ಗಂಟಲಿಗೆ ಇಳಿಯಿತು.

ಬೇರು ಜ್ಯೇಷ್ಠಮಧುವಿನದು. ಅದು ಅವರ ಬಾಯಿಗೆ ಬಂದದ್ದು ಒಂದು ರಾಜ್ಯೋತ್ಸವದ ಮರುದಿನ. ಉತ್ಸವದ ದಿನ ಮೈದಾನ ತುಂಬಿತ್ತು, ಮುಖ್ಯ ಅತಿಥಿಗಳ ಹೆಸರಿನ ಮೊದಲ ಅಕ್ಷರದಲ್ಲೇ ಕಂಠ ಒಡೆದು ಹೋಯಿತು. ಕೀಚಲು ಧ್ವನಿಯೊಂದು ಎಲ್ಲಿಂದಲೋ ಹೊರಟು ಎಲ್ಲ ಲೌಡ್‌ಸ್ಪೀಕರುಗಳಲ್ಲೂ ಕೇಳಿಸಿತು. ಶಾಲೆಯ ಮಕ್ಕಳು ಮೊದಲು ನಕ್ಕರು, ಆಮೇಲೆ ಮಕ್ಕಳನ್ನು ಸುಮ್ಮನಿರಿಸುವ ನೆಪದಲ್ಲಿ ದೊಡ್ಡವರು. ಮರುದಿನ ಮಾಸ್ತರರು ಚೌಕದಲ್ಲಿ ಗಿಡಮೂಲಿಕೆ ಮಾರುವ ವಹಾಬನ ಅಂಗಡಿಗೆ ಹೋಗಿ ಜ್ಯೇಷ್ಠಮಧು ಕೇಳಿದರು. 'ಗಂಟಲಿಗೇನ್ರಿ ಮಾಸ್ತರ?' ಎಂದ ವಹಾಬ, ಮೈದಾನದಲ್ಲಿ ತಾನೂ ಇದ್ದವನ ಹಾಗೆ. 'ಏ ಇಲ್ಲೋ ಮಾರಾಯ. ಮನಿಯಾಗ ಆಕಿಗಿ ಕೆಮ್ಮು' ಎಂದುಬಿಟ್ಟರು. ಅಂದಿನಿಂದ ಗುರುದೇವಿಗೆ ಕೆಮ್ಮು. ವರ್ಷಗಟ್ಟಲೆ ಹೋಗದ ಕೆಮ್ಮು. ಒಮ್ಮೆ ವಹಾಬನ ಹೆಂಡತಿ ಖುರ್ಷೀದಬೇಗಂ ತರಕಾರಿ ಸಂತೆಯಲ್ಲಿ ಸಿಕ್ಕಿ, 'ಏನವ್ವ, ನಿನ್ನ ಕೆಮ್ಮು ಇನ್ನಾ ಕಡಿಮಿ ಆಗವಲ್ದಂತ? ಎಕ್ಸ್‌ರೇ ತೆಗಸ್ಬಾರ್ದ?' ಎಂದು ಕೇಳಿದಳಂತೆ. ಗುರುದೇವಿ ಅರೆಗಳಿಗೆ ಅವಳ ಮುಖ ನೋಡಿ, ಬದನೆಕಾಯಿ ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು ಎರಡು ಸಲ ಕೆಮ್ಮಿದಳಂತೆ. ಮನೆಗೆ ಬಂದು ಇದನ್ನು ಹೇಳಿದವಳೂ ಅವಳೇ. 'ಖುಷಿ ಏನ್ರಿ? ನಿಮ್ಮ ಮರ್ಯಾದಿ ಸಲುವಾಗಿ ಕ್ಷಯರೋಗದ ಹೆಂಗಸಾಗಿ ಬಂದೀನಿ.' ಮಾಸ್ತರರು ಆ ದಿನ ಊಟದ ಹೊತ್ತಿಗೆ ತಲೆಯೆತ್ತಲಿಲ್ಲ. ಬೇರನ್ನೂ ಬಿಡಲಿಲ್ಲ.

ಬಿಡಲು ಆಗುವಂತೆಯೂ ಇರಲಿಲ್ಲ. ಬಸವಕುಮಾರ ಎನ್ನುವ ಹೊಸ ಮಾಸ್ತರನೊಬ್ಬ ಎರಡು ವರ್ಷದಿಂದ ಮೈಕಿನ ಸುತ್ತ ಸುಳಿದಾಡುತ್ತಿದ್ದ. ಅವನು ವೇದಿಕೆಯ ಹಿಂದೆ ಎಲ್ಲರೆದುರೇ ಜೇಬಿನಿಂದ ಜ್ಯೇಷ್ಠಮಧು ತೆಗೆದು ಚೀಪುತ್ತಿದ್ದ, ನಾಚಿಕೆಯಿಲ್ಲದೆ. 'ತೊಗೋರಿ ಸರ್, ಗಂಟಲಿಗೆ ಛಲೋ' ಎಂದು ಒಂದು ದಿನ ಇವರಿಗೂ ಚಾಚಿದ. ಸುತ್ತ ಜನವಿದ್ದರು. ಮಾಸ್ತರರು ತಮ್ಮ ಬಾಯಿಯ ತುಂಡನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದು ನಕ್ಕರು. 'ಕಂಠ ಅನ್ನೂದು ಗುರು ಕೊಟ್ಟು ಬರ್ಬೇಕು ತಮ್ಮ. ಕಡ್ಡಿ ಚೀಪಿದ್ರ ಬರಂಗಿಲ್ಲ.' ಎಲ್ಲರೂ ಹೋ ಎಂದರು. ಹುಡುಗನ ಮುಖ ಕೆಂಪಾಯಿತು. ಹೇಳಿದ ಖುಷಿ ಎರಡು ದಿನ ಇತ್ತು. ಆಮೇಲೆ ಆ ಮಾತು ವಹಾಬನ ಅಂಗಡಿಯ ದಾರಿಯಲ್ಲಿ ಪ್ರತಿಸಲ ಎದುರಾಗತೊಡಗಿತು. ಈಗ ಅವರು ಚೌಕಕ್ಕೆ ಸುತ್ತು ಹಾಕಿ ಹಿಂದಿನ ಓಣಿಯಿಂದ ಹೋಗುತ್ತಾರೆ.

'ಸಂಜಿಕ ವಾಪಸ್ ಹೋಗುವಾಗ ಮುದನಾಳದಾಗ ಇಳಿದು ಭಾವಾರನ್ನ ನೋಡಿ ಹೋಗಮು' ಎಂದಳು ಗುರುದೇವಿ, ಕಿಟಕಿಯ ಕಡೆ ಮುಖ ಮಾಡಿಕೊಂಡೇ. ಮಾಸ್ತರರು ಜೇಬಿನಲ್ಲಿ ಕರವಸ್ತ್ರ ಹುಡುಕತೊಡಗಿದರು. ಮುದನಾಳದಲ್ಲಿ ಹೊಲಮನೆ ನೋಡಿಕೊಂಡಿದ್ದ ಅಣ್ಣ ಸೂಗಪ್ಪನಿಗೆ ಹೋದ ವರ್ಷ ಲಕ್ವ ಹೊಡೆದಿತ್ತು. ಅವನದೂ ಬಿ.ಪಿ. ಕೈಕಾಲು ಅಷ್ಟಿಷ್ಟು ಬಂದವು, ಮಾತು ಬರಲಿಲ್ಲ. ಉಳಿದದ್ದು ಒಂದೇ ಶಬ್ದ: ಹೌದು. ಊಟ ಆಯಿತೇ ಅಂದರೆ ಹೌದು. ಹಸಿವೆಯೇ ಅಂದರೆ ಹೌದು. ನೋವಾಗುತ್ತಿದೆಯೇ, ಇಲ್ಲವೇ, ನಾನು ಯಾರು, ಎಲ್ಲಕ್ಕೂ ಹೌದು. ಹೇಳುವಾಗ ಅವನ ಕಣ್ಣು ಬೇರೇನನ್ನೋ ಹೇಳಲು ಒದ್ದಾಡುತ್ತಿದ್ದವು. ಮಾಸ್ತರರು ಅಣ್ಣನನ್ನು ನೋಡಲು ಹೋಗುವುದನ್ನು ಕಡಿಮೆ ಮಾಡಿದ್ದರು. ಹೋದಾಗಲೂ ತಾವೇ ಮಾತಾಡಿ, ತಾವೇ ಉತ್ತರ ಹೇಳಿ, ಬೇಗ ಎದ್ದುಬಿಡುತ್ತಿದ್ದರು. ಅವರಿಗೆ ಸಾವಿನ ಭಯ ಅಷ್ಟಿರಲಿಲ್ಲ. ಹೌದು ಎನ್ನುವ ಶಬ್ದದ ಭಯವಿತ್ತು. ನಳಿಗೆ ಹಾಕಿಸಿಕೊಂಡು ಬಿ.ಪಿ. ಇಳಿದರೆ ಆ ಶಬ್ದದಿಂದ ಪಾರು. ಹೀಗೆ ಯೋಚಿಸುತ್ತ ಅವರು ಹಳೆಯ ತುಂಡನ್ನು ಕಿಟಕಿಯಾಚೆ ಉಗಿದು, ಕರವಸ್ತ್ರದಲ್ಲಿ ಮುಖ ಒರೆಸುವ ನೆಪ ಮಾಡಿ ಹೊಸ ತುಂಡನ್ನು ಬಾಯಿಗಿಟ್ಟುಕೊಂಡರು. ಭೀಮಾ ನದಿಯ ಸೇತುವೆ ಬಂತು. ಮೇ ತಿಂಗಳ ನದಿಯಲ್ಲಿ ನೀರಿಗಿಂತ ಬಂಡೆ ಹೆಚ್ಚು ಕಾಣುತ್ತಿದ್ದವು.

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿ, ಡಬ್ಬಿ ತೆಗೆದುಕೊಂಡು, ಬೆಂಚಿನ ಮೇಲೆ ಕೂರಿಸಿದರು. ಅದೇ ಬೆಂಚಿನಲ್ಲಿ ಸುರಪುರದ ಕಡೆಯ ಲಾಲಮ್ಮ ಕೂತಿದ್ದಳು. ಕೂಲಿ ಹೆಂಗಸು, ನಲವತ್ತೈದರ ಆಚೀಚೆ, ಅವಳ ಬಿ.ಪಿ.ಯೂ ಗುಳಿಗೆಗೆ ಬಗ್ಗಿರಲಿಲ್ಲ. ಹೋದ ವಾರ ಇಬ್ಬರನ್ನೂ ಇಲ್ಲಿಯೇ ಇರಿಸಿಕೊಂಡು ದಿನಾ ನರ್ಸಿನ ಎದುರೇ ಗುಳಿಗೆ ನುಂಗಿಸಿದ್ದರು. ಬಗ್ಗದ ಬಿ.ಪಿ. ಎಂದು ಬಂದವರಲ್ಲಿ ಎಷ್ಟೋ ಜನ ಗುಳಿಗೆಯನ್ನೇ ನುಂಗಿರುವುದಿಲ್ಲವಂತೆ. ನುಂಗಿದ ಮೇಲೆ ಬಾಯಿ ಅಗಲಿಸಿ, ನಾಲಗೆ ಎತ್ತಿ ತೋರಿಸಬೇಕು. ಮೂರು ದಶಕ ಮಕ್ಕಳಿಗೆ ಬಾಯಿ ಮುಚ್ಚಿ ಎಂದವರು ಮಗಳ ವಯಸ್ಸಿನ ಹುಡುಗಿಯ ಎದುರು ಬಾಯಿ ತೆರೆದು ನಿಂತಿದ್ದರು, ಬೇರಿನ ತುಂಡನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು. ಆ ಪರೀಕ್ಷೆಯಲ್ಲಿ ಇಬ್ಬರೂ ಪಾಸು. ಲಾಲಮ್ಮ ಈಗ ಅವರ ಕಡೆ ಸ್ವಲ್ಪ ಸರಿದು ಮೆಲ್ಲಗೆ ಕೇಳಿದಳು:

'ಮಾಸ್ತರ, ಒಂದ್ ಮಾತ್ ಕೇಳ್ತೀನ್ರಿ. ಆಯ್ಕೆ ಆದ್ರ ಛಲೋನೋ, ಆಗ್ಲಿಲ್ಲ ಅಂದ್ರ ಛಲೋನೋ?'

'ಏ, ಆದ್ರನ ಛಲೋ' ಎಂದರು ಮಾಸ್ತರರು, ವೇದಿಕೆಯ ಧ್ವನಿಯಲ್ಲಿ. 'ಎಲ್ಲಾರಿಗೂ ಸಿಗೂದಲ್ಲ ಇದು. ಯೋಗ್ಯತಾ ಇದ್ದವರ್ಗೇ ಕೊಡ್ತಾರ.'

'ನಂಗ ಅಂಜಕಿ ಬರಾಕತ್ತದ್ರಿ. ತೊಡಿಯಿಂದ ಒಳಗ ತಂತಿ ಬಿಡ್ತಾರಂತ. ಆಗ್ಲಿಲ್ಲಂದ್ರ ಮನಿಗಿ ಹೋಗಿ ಮಲ್ಕೊಂತಿದ್ದೆ.'

ಪಾಪ, ಇವಳಿಗೆ ಅರ್ಥವಾಗುವುದಿಲ್ಲ ಎಂದುಕೊಂಡರು ಮಾಸ್ತರರು. ಅವಳು ಆಯ್ಕೆಯಾಗದಿದ್ದರೆ ಸಮಾಧಾನ ಹೇಳಲು ನಾಲ್ಕು ಮಾತನ್ನೂ ಮನಸ್ಸಿನಲ್ಲೇ ಹೊಂದಿಸಿಟ್ಟುಕೊಂಡರು. ಗುರುದೇವಿ ಮಾತ್ರ ಲಾಲಮ್ಮನಿಗೆ ತನ್ನ ಬುತ್ತಿಯಿಂದ ರೊಟ್ಟಿ ಪಲ್ಯ ತೆಗೆದುಕೊಟ್ಟಳು.

ಡಾಕ್ಟರ್ ಶಾಂತಕುಮಾರ ಸುರಪುರದವರೇ, ಹೈದರಾಬಾದಿನಲ್ಲಿ ಕಲಿತು ಬಂದವರು. ಮಾತು ಕಡಿಮೆ. ಕಂಪ್ಯೂಟರಿನ ಪರದೆಯಲ್ಲಿ ಮಾಸ್ತರರ ಒಂದು ಹಗಲು ಒಂದು ರಾತ್ರಿ ಬೆಟ್ಟಸಾಲಿನ ಹಾಗೆ ಏರಿಳಿದಿತ್ತು. 'ಬಸ್ಸಿನಾಗ ಒಮ್ಮಿ ಭಾಳ ಏರೇದ' ಎಂದರು. ಮಾಸ್ತರರಿಗೆ ಹಿಂದಿನ ಸೀಟಿನ ನಗೆ ನೆನಪಾಯಿತು. 'ರಾತ್ರಿನೂ ಇಳಿದಿಲ್ಲ. ಇಂಥವ್ರಿಗಿ ನಳಿಗಿ ಫಾಯ್ದೆ ಆಗ್ತದ ಅಂತಾರ. ಖರೇ ಹೇಳ್ಬೇಕಂದ್ರ ಸರ್, ಯಾರಿಗಿ ಇಳೀತದ ಅಂತ ಮೊದ್ಲೇ ಹೇಳೂದು ನಮಗೂ ಪೂರಾ ಬರಂಗಿಲ್ಲ. ಯಾರಿಗಿ ಇಳಿಯಂಗಿಲ್ಲ ಅನ್ನೂದು ಜರಾ ಹೇಳಬಹುದು.' ಮಾಸ್ತರರು ಫಾಯ್ದೆಯ ಮಾತಿಗಷ್ಟೇ ತಲೆಯಾಡಿಸಿದರು. ಡಾಕ್ಟರು ಇನ್ನೊಂದು ಹಾಳೆ ಎಳೆದುಕೊಂಡರು. 'ನಿಮ್ಮ ರಕ್ತದಾಗ ಪೊಟ್ಯಾಷಿಯಂ ಕಮ್ಮಿ ಅದ. ಮೈಯಾಗ ಉಪ್ಪು ಹಿಡಿದಿಡೋ ಹಾರ್ಮೋನು ಜಾಸ್ತಿ ಇದ್ರ ಹಿಂಗ ಆಗ್ತದ. ನಿಮಗ ನೋಡಿದ್ರ ಅದೂ ಕಮ್ಮಿ ಅದ. ಎರಡೂ ಕಮ್ಮಿ ಅಂದ್ರ ಹೊರಗಿಂದ ಏನೋ ಒಳಗ ಹೋಗಾಕತ್ತದ. ನಾಟಿ ಔಷಧ ತೊಗೊಂತೀರೇನು?'

'ಇಲ್ರಿ.'

'ಕಷಾಯ? ಮೊಣಕಾಲ ನೋವಿನ ಗುಳಿಗಿ?'

'ಛೇ ಛೇ.'

'ಜ್ಯೇಷ್ಠಮಧು?'

ಬಾಯಿಯೊಳಗೆ ಬೇರು ತಾನಾಗಿ ಮಗ್ಗುಲು ಬದಲಿಸಿತು. ಸಿಹಿ ಒಸರಿತು, ನುಂಗಿದರೆ ಡಾಕ್ಟರಿಗೆ ಗಂಟಲಿನ ಗಂಟು ಕಾಣುತ್ತದೆ, ನುಂಗದಿದ್ದರೆ ಮಾತು ಹೊರಡುವುದಿಲ್ಲ. ಎಲ್ಲರೆದುರು ಆಡಿದ ಮಾತು ಅದು, ಕಂಠ ಗುರು ಕೊಟ್ಟು ಬರಬೇಕು. ಬಸವಕುಮಾರನ ಕೆಂಪು ಮುಖ, ವಹಾಬನ ಅಂಗಡಿಯ ಹಿಂದಿನ ಓಣಿ, ಸಂಜೆಯ ಶಾಲು, ಎಲ್ಲವೂ ಒಂದೇ ಸಲ ಕೋಣೆಯೊಳಗೆ ಬಂದು ನಿಂತವು. ಸೂಗಪ್ಪನೂ ಬಂದ. ಅವನನ್ನು ಮಾಸ್ತರರು ನೋಡಲಿಲ್ಲ. 'ಮನಿಯಾಗ ಅದರಿ' ಎಂದರು, ಯಾವಾಗಿನ ಹಾಗೆ. 'ಇಕಿಗಿ ಕೆಮ್ಮು. ನಾ ಮುಟ್ಟೂದಿಲ್ಲ.'

ಡಾಕ್ಟರು ಗುರುದೇವಿಯ ಕಡೆ ತಿರುಗಿದರು. 'ಅಮ್ಮಾರ, ನೀವು ದಿನಾ ತಿಂತೀರಿ? ಹಂಗಾದ್ರ ನಿಮ್ಮದೂ ಬಿ.ಪಿ. ನೋಡ್ಬೇಕಲ್ಲ. ಅದು ಬಿ.ಪಿ. ಏರಿಸ್ತದ, ಗುಳಿಗಿನ ಸೋಲಿಸ್ತದ.' ಗುರುದೇವಿ ಬಳೆ ಮೇಲೆ ಸರಿಸಿ ಕೈ ಚಾಚಿದಳು. ಪಟ್ಟಿ ಬಿಗಿಯಿತು. ಮಾಸ್ತರರಿಗೆ ತಮ್ಮ ತೋಳೇ ಹಿಂಡಿದಂತಾಯಿತು. 'ನೂರಾ ಹದಿನೆಂಟು, ಎಪ್ಪತ್ತಾರು. ಹುಡುಗ್ರಿಗಿ ಇರೋ ಹಂಗದ' ಎಂದರು ಡಾಕ್ಟರು, ಆಮೇಲೆ ಹಾಳೆಯ ಮೇಲಿನ ಪೆನ್ನು ಎತ್ತದೆ ಕೇಳಿದರು. 'ಕೆಮ್ಮು ಈಗ ಹ್ಯಾಂಗದ್ರಿ?'

ಎರಡು ಸಲ ಕೆಮ್ಮಿದರೆ ಸಾಕಿತ್ತು. ಸಂತೆಯಲ್ಲಿ ಕೆಮ್ಮಿದವಳು, ನಂಟರ ಮದುವೆಯಲ್ಲಿ ಕೆಮ್ಮಿದವಳು. ಮಾಸ್ತರರು ಕಾದರು, ಹೆಸರು ಕೂಗುವ ಮುನ್ನ ನಿಲ್ಲುವ ಆ ಕ್ಷಣದ ಹಾಗೆ. ಗುರುದೇವಿ ಸೆರಗು ಬಾಯಿಯ ತನಕ ಒಯ್ದಳು, ಅಲ್ಲಿಂದ ಕೆಳಗಿಳಿಸಿದಳು.

'ನನಗ ಎಂದೂ ಕೆಮ್ಮು ಇಲ್ರಿ ಡಾಕ್ಟರ' ಎಂದಳು. ಗಂಡನ ಕಡೆ ತಿರುಗಿದಾಗ ಅವಳ ಕಣ್ಣು ತುಂಬಿದ್ದವು, ಸಿಟ್ಟಿನಿಂದಲೋ ಏನೋ. 'ಭಾವಾರಂಗ ನೀವೂ ಹೌದು ಹೌದು ಅನ್ಕೋತ ಕುಂತ್ರ ನಾ ಯಾರ ಕೂಡ ಜಗಳಾಡ್ಲಿ? ಉಗುಳ್ರಿ ಅದನ್ನ.'

ಅವಳು ಅಂಗೈ ಚಾಚಿದಳು. ಐವತ್ತಾರು ವರ್ಷದ ವಿಶ್ವರಾಧ್ಯ ಮಾಸ್ತರರು ಡಾಕ್ಟರ ಎದುರು, ನರ್ಸಿನ ಎದುರು, ಹೆಂಡತಿಯ ಅಂಗೈಗೆ ನಾರುನಾರಾದ ಒಂದು ತುಂಡನ್ನು ಉಗುಳಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನಿಸಿತು. ಡಾಕ್ಟರು ಮಾತ್ರ ಇವತ್ತು ಮೊದಲ ಸಲ ಹುರುಪಿನಿಂದ ಮಾತಾಡಿದರು. 'ಖುಷಿ ಪಡ್ರಿ ಸರ್. ಇದು ಗೊತ್ತಾಗದಿದ್ರ ಸೋಮವಾರ ಸುಮ್ಮಸುಮ್ಮನ ನರ ಸುಡ್ತಿದ್ವಿ, ಬಿ.ಪಿ. ಇದ್ದಲ್ಲೇ ಇರ್ತಿತ್ತು. ಇದನ್ನ ಬಿಡ್ರಿ. ಕೆಲವು ವಾರದಾಗ ಇಳಿಯಾಕ ಶುರು ಆಗ್ತದ. ನೀವು ನಳಿಗಿ ಕೇಸೇ ಅಲ್ಲ.' ಕೇಸೇ ಅಲ್ಲ. ಹಾಳೆಯ ಮೇಲೆ ಅವರ ಹೆಸರಿನ ಮೇಲೆ ಗೆರೆ ಎಳೆಯುವ ಸದ್ದು ಕೇಳಿಸಿತು. ಬದುಕಿದೆ ಎಂದು ಸಂತೋಷಪಡಬೇಕಾದ ಹೊತ್ತಿನಲ್ಲಿ ಅವರಿಗೆ ಫೇಲಾದ ಹುಡುಗನ ಹಾಗೆ ಅಳು ಬಂತು, ಮತ್ತು ಅದಕ್ಕೆ ನಾಚಿಕೆಯೂ ಆಯಿತು. ಹೊರಗೆ ಬಂದಾಗ ಲಾಲಮ್ಮ ಎದ್ದು ನಿಂತು, 'ಏನಂದಾರ್ರಿ ಮಾಸ್ತರ?' ಎಂದಳು. ಸಮಾಧಾನಕ್ಕೆಂದು ಹೊಂದಿಸಿಟ್ಟಿದ್ದ ನಾಲ್ಕು ಮಾತುಗಳಲ್ಲಿ ಒಂದೂ ತಮ್ಮ ಉಪಯೋಗಕ್ಕೆ ಬರಲಿಲ್ಲ.

ಸಂಜೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಶಾಮಿಯಾನದ ಕೆಳಗೆ ಕುರ್ಚಿಗಳು ತುಂಬಿದ್ದವು. ನಿರೂಪಣೆ ಬಿಟ್ಟು ಹೋಗಿಬಿಡೋಣವೇ ಎಂದು ಮಾಸ್ತರರು ಒಮ್ಮೆ ಯೋಚಿಸಿದ್ದರು, ಆದರೆ ಬಸವಕುಮಾರ ಎರಡನೆಯ ಸಾಲಿನಲ್ಲೇ ಕೂತಿದ್ದ. ಬಿಟ್ಟರೆ ಹಿಡಿಯಲು ತಯಾರಾಗಿ. ಅವನ ಕೆನ್ನೆ ಒಂದು ಕಡೆ ಉಬ್ಬಿತ್ತು. ಬುದ್ಧ ಮಲಗಿದ ಪುಣ್ಯಭೂಮಿ ಹೇಗೋ ದಾಟಿತು, ಸ್ವಾಗತ ದಾಟಿತು. ಗಂಟಲು ಒಣಗುತ್ತ ಬಂತು. ನಾಲಗೆ ಅಭ್ಯಾಸದಿಂದ ಬಲಗೆನ್ನೆಯ ಕಡೆ ಹೋಗಿ, ಏನೂ ಸಿಗದೆ ವಾಪಸು ಬರುತ್ತಿತ್ತು. ಪರಿಚಯದ ಹಾಳೆಯನ್ನು ಅವರು ಮಡಿಚಿ ಕೆಳಗಿಟ್ಟರು. ಆಡಳಿತದವನೊಬ್ಬ ಬಂದು ಚೀಟಿ ಕೊಟ್ಟುಹೋದ. ಅದರಲ್ಲಿ ಒಂದೇ ಹೆಸರಿತ್ತು. ವೇದಿಕೆಯ ಕೆಳಗೆ ಲಾಲಮ್ಮ ನರ್ಸಿನ ಕೈ ಹಿಡಿದು ನಿಂತಿದ್ದಳು, ಮದುಮಗಳಿಗಿಂತ ಹೆಚ್ಚು ಹೆದರಿ. 'ನಮ್ಮ ಜಿಲ್ಲೆಯಲ್ಲಿ ಈ ಚಿಕಿತ್ಸೆಗೆ ಮೊಟ್ಟಮೊದಲು ಆಯ್ಕೆಯಾದ ಆ ಭಾಗ್ಯಶಾಲಿ' ಎಂದು ಹೇಳಿ ಮಾಸ್ತರರು ಒಂದು ಕ್ಷಣ ನಿಂತರು. ಸಭೆ ಕಿವಿ ನಿಮಿರಿಸಿತು. ಈ ಸಲ ಚೀಟಿಯಲ್ಲಿ ತಮ್ಮ ಹೆಸರಿರಬಹುದೆಂಬ ಆಸೆ ಬರಲಿಲ್ಲ. ಅದರ ಜಾಗದಲ್ಲಿ ಬಂದದ್ದು ಆ ಹೆಂಗಸಿನ ಅಂಜಿಕೆ. ಇವಳಿಗಾದರೂ ಇಳಿಯಲಪ್ಪ ಎಂದು ಬೇಡಿಕೊಂಡು ಬಾಯಿ ತೆರೆದರು. 'ಶ್ರೀಮತಿ ಲಾ' ಎನ್ನುವಷ್ಟರಲ್ಲಿ ಕಂಠ ಒಡೆಯಿತು. ಅದೇ ಕೀಚಲು, ಅದೇ ಮೈದಾನದ ಧ್ವನಿ. ಶಾಮಿಯಾನದ ನಾಲ್ಕೂ ಮೂಲೆಯ ಲೌಡ್‌ಸ್ಪೀಕರುಗಳು ಅದನ್ನು ಹಿಡಿದುಕೊಂಡವು. ಬಸವಕುಮಾರ ಕುರ್ಚಿಯಿಂದ ಅರ್ಧ ಎದ್ದ. ಎಲ್ಲೋ ಹಿಂದೆ ಒಬ್ಬ ಹುಡುಗ ನಗಲು ಉಸಿರೆಳೆದುಕೊಂಡಿರಬೇಕು.

ಅಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಯಾರೋ ಕೆಮ್ಮಿದರು. ಸಣ್ಣ ಕೆಮ್ಮಲ್ಲ, ಕರುಳು ಕಿತ್ತು ಬರುವಂಥ ಕೆಮ್ಮು. ಒಂದು ಸಲ, ಮತ್ತೆ, ಮತ್ತೆ. ಸಭೆಯ ತಲೆಗಳೆಲ್ಲ ಅತ್ತ ತಿರುಗಿದವು. ಸೆರಗು ಬಾಯಿಗೆ ಒತ್ತಿಕೊಂಡು ಗುರುದೇವಿ ಕೆಮ್ಮುತ್ತಲೇ ಇದ್ದಳು. ಪಕ್ಕದವರು ನೀರಿನ ಬಾಟಲಿ ಕೊಟ್ಟರು, ಹಿಂದಿನವರು ಬೆನ್ನು ಸವರಿದರು, 'ಎಷ್ಟ್ ಕೆಮ್ಮಾಕತ್ತಾಳ ನೋಡ್ರಿ ಪಾಪ' ಎಂದಿತು ಒಂದು ಧ್ವನಿ. ಮಾಸ್ತರರು ಮೇಜಿನ ಮೇಲಿದ್ದ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಅವಳು ಮುಗಿಸುವ ತನಕ ಕಾದರು. ಆಮೇಲೆ ಮೈಕಿಗೆ ಬಾಯಿ ಹತ್ತಿರ ತಂದು, ಸಾದಾ ಒಡಕು ಧ್ವನಿಯಲ್ಲಿ, ಮನೆಯಲ್ಲಿ ಕರೆಯುವ ಹಾಗೆ, 'ಲಾಲಮ್ಮ, ಬರ್ರಿ' ಎಂದರು.